ಕೂಗುವ ಬೆನ್ನು

ಮನೆ, ಅಜ್ಜಿಯ ಮಂಚದ ಪಕ್ಕ
ಬುಧವಾರ ಮಧ್ಯಾಹ್ನ

ಪ್ರೀತಿಯ ಹಾಗೂ ಪರಮಪೂಜ್ಯ ಅಣ್ಣನಿಗೆ,

ಹೇಗಿದ್ದೀಯಾ? ನಿನ್ನ ಬೇಕರಿಯ ಒಲೆ, ನಿನ್ನ ಕೆಮ್ಮು, ನಿನ್ನ ಮೀಸೆ ಮೂರೂ ಕ್ಷೇಮವೆಂದು ಭಾವಿಸುತ್ತೇನೆ. ಇಲ್ಲಿ ಅಜ್ಜಿಯ ನಾಲಿಗೆ ಗಟ್ಟಿಮುಟ್ಟಾಗಿದೆ; ಕಾಲುಗಳು ಮಾತ್ರ ಮಂಚ ಬಿಟ್ಟು ಇಳಿಯಲೊಲ್ಲವು. ಅಮ್ಮ ಕೆಲಸ ಮುಗಿಸಿ ಬರುವವರೆಗೆ ಇಡೀ ಹಗಲು ಈ ಸಂಸ್ಥಾನದ ಆಡಳಿತವೆಲ್ಲ ನನ್ನದೇ.

ಮುಖ್ಯ ವಾರ್ತೆ ಏನೆಂದರೆ, ನನ್ನ ಬೆನ್ನಿಗೆ ಕಾವಲುಗಾರನ ನೇಮಕವಾಗಿದೆ. ಅಜ್ಜಿಗೆ ವ್ಯಾಯಾಮ ಮಾಡಿಸಲು ಬರುವ ಥೆರಪಿ ಅಕ್ಕ, ನಾನು ಸೊಂಟ ಹಿಡಿದುಕೊಂಡು ಬಾಗಿಲು ತೆಗೆದದ್ದನ್ನು ನೋಡಿ ಒಂದು ಪಟ್ಟಿ ತಂದು ಕಟ್ಟಿದರು. ಅದರಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ. ಅತಿಯಾಗಿ ಬಗ್ಗಿದರೆ, ಬಗ್ಗಿ ತಿರುಗಿದರೆ ಕೀಂ ಎನ್ನುತ್ತದೆ. ಎಷ್ಟು ಬಗ್ಗಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಹದಿನೈದು ದಿನ ಕಟ್ಟಿಕೊಂಡಿರಬೇಕಂತೆ. ನಾನು ಸುಮ್ಮನಿರುವ ಪ್ರಾಣಿಯೇ? ಮೊದಲ ದಿನವೇ ಊಟದ ಹೊತ್ತಿನಲ್ಲಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಕಟ್ಟಿದೆ. ಆ ಒಂದು ಗಂಟೆ ನಾನು ಹೆಬ್ಬಂಡೆಯಂತೆ ಕೂತು ತಪಸ್ಸು ಮಾಡಿದೆನೆಂದು ವಿಜ್ಞಾನ ಶಾಶ್ವತವಾಗಿ ನಂಬಲಿದೆ.

ಉಳಿದ ಹೊತ್ತು ಅದು ಬಾಯಿ ಮುಚ್ಚಿದ್ದೇ ಕಡಿಮೆ. ಬಟ್ಟೆ ಹಿಂಡುವಾಗ ಸಣ್ಣ ಕೀಂ, ನೆಲ ಒರೆಸುವಾಗ ಸ್ವಲ್ಪ ಉದ್ದ. ಅಜ್ಜಿಯ ಕಂಕುಳಿಗೆ ಕೈ ಕೊಟ್ಟು, ಎತ್ತಿ, ತಿರುಗಿಸಿ, ಪಕ್ಕದ ಶೌಚದ ಕುರ್ಚಿಯಲ್ಲಿ ಕೂರಿಸುವಾಗಲಂತೂ ಉಸಿರು ಬಿಡದೆ ಅರಚುತ್ತದೆ. ಮೊದಮೊದಲು ನಾನು, ಮಹಾರಾಣಿಯವರ ಸವಾರಿ ಹೊರಟಿದೆ, ಕಹಳೆ ಮೊಳಗುತ್ತಿದೆ ಎಂದು ಘೋಷಿಸುತ್ತಿದ್ದೆ. ಅಜ್ಜಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ನನಗೂ ಘೋಷಿಸುವಷ್ಟು ತ್ರಾಣ ಉಳಿಯಲಿಲ್ಲ ಬಿಡು. ಬಗ್ಗಿ ಷೂ ಕಟ್ಟಿಕೊಳ್ಳಲಾರದೆ ಚಪ್ಪಲಿಯಲ್ಲೇ ಓಡಾಡುತ್ತಿದ್ದೇನೆ.

ನಿನ್ನೆಯಿಂದ ಅಜ್ಜಿ ಕರೆಯುವುದು ಕಡಿಮೆಯಾಯಿತು. ಮುದುಕಿಗೆ ಕರುಣೆ ಬಂತು ಎಂದುಕೊಂಡು ಗೋಡೆಗೆ ಒರಗಿ ಒಂದು ನಿದ್ದೆಯನ್ನೂ ಹೊಡೆದೆ. ಇವತ್ತು ದಿಂಬು ಸರಿಮಾಡುವಾಗ ನೋಡುತ್ತೇನೆ, ಅವಳ ತುಟಿ ಒಡೆದಿದೆ; ಬೆಳಿಗ್ಗೆ ಇಟ್ಟ ಲೋಟದ ನೀರು ಇಟ್ಟಷ್ಟೇ ಇದೆ. ಗದರಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು:

"ಕುಡಿದ್ರೆ ಏಳ್ಬೇಕಾಗುತ್ತೆ. ನಾನೆದ್ರೆ ನಿನ್ನ ಬೆನ್ನು ಕೂಗುತ್ತಲ್ಲೋ."

ಪಟ್ಟಿ ಬಿಚ್ಚಿ ಬೀರುವಿನೊಳಗೆ ಹಾಕಿದೆ. ಯಂತ್ರ ಕೆಟ್ಟಿದೆ, ನನ್ನ ಬೆನ್ನು ಕಬ್ಬಿಣದ್ದು ಎಂದೆ. ಇಷ್ಟು ವರ್ಷ ನನ್ನ ಸುಳ್ಳುಗಳನ್ನೆಲ್ಲ ನಂಬಿದವಳು ಇದೊಂದನ್ನು ನಂಬಲಿಲ್ಲ. ಚಮಚದಲ್ಲಿ ಕೊಟ್ಟರೆ ಎರಡು ಗುಟುಕು, ಆಮೇಲೆ ಬಾಯಿ ಬಿಗಿ.

ಮಿಕ್ಕಂತೆ ಎಲ್ಲ ಸೌಖ್ಯ. ಅಮ್ಮ ಆಶೀರ್ವಾದ ಹೇಳಿದ್ದಾಳೆ. ಮೀಸೆ ಬೋಳಿಸಿಕೋ ಎಂಬುದು ಅಜ್ಜಿಯ ಅಪ್ಪಣೆ.

ಈ ಮನೆಯ ಏಕಮಾತ್ರ ಕ್ರೇನು,
ನಿನ್ನ ತಮ್ಮ

ತಾ.ಕ.: ಅವಸರದಲ್ಲಿ ಗೀಚುತ್ತಿದ್ದೇನೆ. ಥೆರಪಿ ಅಕ್ಕ ಈಗಷ್ಟೇ ಬಂದು ಹೋದರು. ಇಬ್ಬರು ಎರಡು ಕಡೆ ನಿಂತು ಎತ್ತಿದರೆ ಅಷ್ಟು ಬಗ್ಗಬೇಕಿಲ್ಲವಂತೆ. ನನಗೆ ಮತ್ತೆ ಪಟ್ಟಿ ಕಟ್ಟಿಸಿ, ತಾವೇ ಒಂದು ಕಡೆ ಹಿಡಿದು ತೋರಿಸಿದರು. ಯಂತ್ರ ಸುಮ್ಮನಿತ್ತು. ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು, ಆಮೇಲೆ ತಾನಾಗಿಯೇ ಲೋಟಕ್ಕೆ ಕೈ ಚಾಚಿದಳು. ಹಗಲಿನಲ್ಲಿ ಮನೆಯಲ್ಲಿ ಇನ್ನೊಬ್ಬರು ಯಾರಿರುತ್ತಾರೆ ಎಂದು ಅಕ್ಕ ಕೇಳಿದರು. ಅಜ್ಜಿಯ ಎದುರಿಗೇ ನಾನು, ಭಾನುವಾರ ಅಣ್ಣ ಬರುತ್ತಾನೆ ಎಂದುಬಿಟ್ಟೆ. ಇದು ತಮಾಷೆಗೆ ಅಂದದ್ದಲ್ಲ. ಬಂದುಬಿಡೋ.