ಅಪ್ಪನ ಕೋವಿಯೊಳಗಿದ್ದ ಗುಂಡು

ಮಾರ್ಚ್ ೧೪, ಗುರುವಾರ

ಅಪ್ಪನಿಗೆ ಸುಳ್ಳು ಹೇಳಿದೆ.

ಮೂವತ್ತು ವರ್ಷದ ಹಿಂದೆ, ಗುರಿ ಹೊಡೆಯುವ ಪಂದ್ಯದಲ್ಲಿ ಕೈಕೊಟ್ಟಿತೆಂದು ಅವರು ಮಾರಿದ್ದ, ಬಾಯಿಂದ ಮೊದಲು ಮದ್ದು, ಆಮೇಲೆ ಗುಂಡು ತುಂಬುವ ಕೇಪಿನ ಕೋವಿಯನ್ನು ಹಳೇ ಸಾಮಾನಿನ ಅಂಗಡಿಯಿಂದ ನಾನೇ ಕೊಂಡು ತಂದಿದ್ದೆ. ಕೋವಿಯ ನಳಿಗೆ ಕಟ್ಟಿಕೊಂಡಿತ್ತು. ಒಳಗೆ ಮದ್ದು ಇದ್ದೇ ಇದೆ ಅಂದುಕೊಂಡು ಮೂರು ದಿನ ಎಣ್ಣೆ ಕುಡಿಸಿ, ಇವತ್ತು ಬಾಯಿಗೆ ಎದುರಾಗದೆ ಪಕ್ಕದಲ್ಲಿ ನಿಂತು, ತಿರುಪಿನ ಕಡ್ಡಿಯಿಂದ ಗುಂಡು ಎಳೆದೆ. ಅದರ ಹಿಂದೆ ಮದ್ದಿನ ಸುಳಿವೇ ಇಲ್ಲ. ಅಪ್ಪ ಮದ್ದು ಹಾಕೋದನ್ನೇ ಮರೆತು ಗುಂಡು ತುರುಕಿದ್ದರು. ಬೈಸಿಕೊಂಡದ್ದು ಮಾತ್ರ ಕೋವಿ.

"ಏನಿತ್ತಮ್ಮ ಒಳಗೆ?" ಅಂತ ಅಪ್ಪ ಕೇಳಿದರು.

"ಮದ್ದು ತೇವ ಹಿಡಿದಿತ್ತಪ್ಪ."

"ತಪ್ಪು ನನ್ನದಲ್ಲ ಅಂತ ಆವತ್ತೇ ಹೇಳಲಿಲ್ವಾ" ಅಂತ ಕೋವಿ ಸವರಿದರು. ಮುಖ ಅರಳಿತ್ತು.

ಪಾತ್ರೆ ಒರೆಸುವಾಗ ಅಮ್ಮ ಮೆಲ್ಲಗೆ ಅಂದಳು: "ಒಳ್ಳೇದಾಯ್ತು ಬಿಡು. ಆವತ್ತು ನಿಮ್ಮಪ್ಪ ಮದ್ದಿನ ಹೊಸ ಡಬ್ಬಿ ಒಡೆದೇ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಅವರ ಕಣ್ಣಿಗೆ ಬೀಳದ ಹಾಗೆ ನಾನೇ ಅದನ್ನ ಬಚ್ಚಿಟ್ಟೆ."