ಬಾಯಿ ಮುಚ್ಚದ ಗ್ರ್ಯಾಬ್

ಕುಂಬಾರಕೊಪ್ಪಲು, ಮೈಸೂರು

ಮಹದೇವಪ್ರಸಾದ್ ಸರ್ ಅವರಿಗೆ ನಮಸ್ಕಾರ.

ಅಳಿವೆಯ ತಳದ ಕೆಸರು ತೆಗೆಯಲು ನೀವು ಕೊಟ್ಟ ಹಳೆಯ ಗ್ರ್ಯಾಬಿನ ಇಕ್ಕಳದಂಥ ಬಾಯಿ ಮುಚ್ಚುವುದಿಲ್ಲವೆಂದು ಹೊರಡುವ ಮುಂಚೆಯೇ ಹೇಳಿದ್ದೆ. ಹೊಸದು ಕಾಲೇಜಿಗೆ ಬರುವ ತಪಾಸಣಾ ಸಮಿತಿಗೆ ತೋರಿಸಲು ಬೀರುವಿನಲ್ಲೇ ಇರಲಿ ಎಂದಿರಿ. ದೋಣಿಯಿಂದ ಎಷ್ಟು ಸಲ ಇಳಿಬಿಟ್ಟರೂ ಬರೀ ನೀರೇ ಬಂತು. ಕೊನೆಗೆ ನನ್ನ ಸಹಪಾಠಿ ಲಾಸ್ಯ, "ಇರು ಕಣೇ, ನಾನೇ ಮುಳುಗಿ ತಂದ್ಬುಡ್ತೀನಿ" ಎಂದು ಧುಮುಕಿದಳು. ಇಳಿತದ ಸೆಳೆತ ಅವಳನ್ನು ಕಡಲಿನತ್ತ ಎಳೆಯಿತು. ದೋಣಿಯವರು ಜಡೆ ಹಿಡಿದು ಉಳಿಸಿದರು.

ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಳೆ. ನಿಮ್ಮ ವರದಿಯಲ್ಲಿ 'ವಿದ್ಯಾರ್ಥಿನಿಯ ಅಜಾಗರೂಕತೆ' ಎಂದಿದೆ. ಅದಕ್ಕೆ ಸಾಕ್ಷಿಯಾಗಿ ನಾನು ಸಹಿ ಹಾಕಲಾರೆ. ದಯವಿಟ್ಟು ಆ ಸಾಲು ತೆಗೆಯಿರಿ. ಮುಂದಿನ ವಾರ ಹೊರಡುವ ಜೂನಿಯರ್‌ಗಳಿಗೆ ಹೊಸ ಗ್ರ್ಯಾಬ್ ಕೊಡಿ. ಸಮಿತಿಯವರು ಅದರಲ್ಲಿ ಕೆಸರು ಕಂಡು ಕೇಳಿದರೆ, ಉತ್ತರ ನಾನು ಕೊಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಗಗನ