ಕನ್ಯಾ ನೋಡುವ ದಿನದ ಹಾಡು

೨೮ ಜನವರಿ ೨೦೨೫, ತಿರ್ಲಾಪುರ
ಕಡಲೆ ಕೀಳಲು ಎಂಟು ಆಳು. ಎರಡು ಎಕರೆ ಮುಗಿಯಿತು. ಮೊಮ್ಮಗಳು ಅರುಣಾ ಕಾಲೇಜಿನಿಂದ ಬಂದವಳೇ ಹಿತ್ತಿಲಲ್ಲಿ ಗಿಟಾರ್ ಹಿಡಿದಳು. ಗೆಳತಿ ನಾಜಿಮಾ ಎಣ್ಣೆಯ ಡಬ್ಬ ಬಾರಿಸುತ್ತಾಳೆ. ಇದಕ್ಕೆ ರಾಕ್ ಎನ್ನುತ್ತಾರಂತೆ. ಹಾಡೋ ಜಗಳವೋ ತಿಳಿಯದು.
"ಇಷ್ಟ ಸಿಟ್ಟ ಯಾರ ಮ್ಯಾಲ ಬೇ?"
"ಎಲ್ಲಾರ ಮ್ಯಾಲ, ಆಯಿ. ನಿನ್ನ ಮ್ಯಾಲ ಸುದ್ದಾ."
ಗಿಟಾರ್ ಕಸಿದು ಕಪಾಟಿನಲ್ಲಿಟ್ಟೆ. ಕೀಲಿ ಹಾಕಿದೆ.

೨ ಫೆಬ್ರುವರಿ, ರವಿವಾರ
ಅಣ್ಣಿಗೇರಿಯಿಂದ ಕನ್ಯಾ ನೋಡಲು ಐದು ಜನ. ಹುಡುಗ, ತಾಯಿ ಮಲ್ಲಕ್ಕ, ಸೋದರಮಾವ, ಇನ್ನಿಬ್ಬರು. ಅವಲಕ್ಕಿ, ಚಹಾ. ನನ್ನ ಬಾಯಿ ಸುಮ್ಮನಿರಲಿಲ್ಲ — ನಮ್ಮ ಹುಡುಗಿ ಹಾಡಿನಲ್ಲಿ ಬಹುಮಾನ ಪಡೆದವಳು ಎಂದುಬಿಟ್ಟೆ. ಕನ್ಯೆಯಿಂದ ಒಂದು ಹಾಡು ಹೇಳಿಸುವುದು ರೂಢಿ. ಮಲ್ಲಕ್ಕ ಬಿಡುತ್ತಾಳೆಯೇ?
"ಒಂದ ಹಾಡ ಹೇಳವಾ, ತಂಗಿ."
"ಗಿಟಾರ್ ಇಲ್ದ ಬರಂಗಿಲ್ರಿ," ಎಂದಳು ಅರುಣಾ.
ಐದೂ ಮುಖ ನನ್ನ ಕಡೆ. ಆಡಿದ ಮಾತು ಸುಳ್ಳಾಗಬಾರದು. ಕೀಲಿ ತೆಗೆದೆ.
ಅರುಣಾ ಗಿಟಾರ್ ಹಿಡಿದಳು. ತಲೆಯ ಮೇಲಿನ ಸೆರಗು ಹಾಗೇ ಇತ್ತು. ಕಿರುಚಿದಳು —
"ಕೈ ನೋಡಿದ್ರಿ, ಕಾಲ ನೋಡಿದ್ರಿ, ನಡದದ್ದ ನೋಡಿದ್ರಿ,
ಬಾಯಿ ಐತಿ ನನಗ, ಅದನ್ನ ಯಾರ ಕೇಳಿದ್ರಿ?
ಆಯಿ ಕೀಲಿ ಹಾಕ್ಯಾಳ, ಅಪ್ಪ ಹೂಂ ಅಂದಾನ..."
ಸೋದರಮಾವ ಎದ್ದೇ ನಿಂತ. "ದೇವಕ್ಕಾರ, ಇದ ಹಾಡೇನ್ರಿ, ಬೈಗಳೇನ್ರಿ?"
"ನೀವ ಹೇಳಂದ್ರಿ, ಹೇಳ್ಯಾಳ. ಚಾ ಆರತೈತಿ, ಕುಡೀರಿ," ಎಂದೆ.
ಕುಡಿಯದೆ ಹೊರಟರು. ಹುಡುಗ ಮಾತ್ರ ಕುಡಿದ.

೩ ಫೆಬ್ರುವರಿ
ಮಗ ಸಿದ್ಧಾರೂಢ ಕೂಗಾಡಿದ. ಮಗಳ ಕಾಲೇಜು ಬಂದ್. ಹದಿನಾರಕ್ಕೆ ಹುಬ್ಬಳ್ಳಿಯಲ್ಲಿ ಅವರ ಬ್ಯಾಂಡಿನ ಸ್ಪರ್ಧೆ ಇದೆಯಂತೆ — ಅದೂ ಬಂದ್. ನಾನು ತಡೆಯಲಿಲ್ಲ. ಬಂದವರ ಮುಂದೆ ನನ್ನ ಹೆಸರು ಹಿಡಿದು ಹಾಡಿದಳಲ್ಲ! ಇನ್ನು ಅವಳೊಂದಿಗೆ ಮಾತಿಲ್ಲ.

೧೨ ಫೆಬ್ರುವರಿ
ಅರುಣಾ ಮನೆಯಲ್ಲೇ. ರೊಟ್ಟಿ ಬಡಿಯುತ್ತಾಳೆ, ನೀರು ತರುತ್ತಾಳೆ. ತುಟಿ ಬಿಚ್ಚುವುದಿಲ್ಲ. ಇಂಥ ಹುಡುಗಿಯೇ ಬೇಕೆಂದಿದ್ದೆ. ಈಗ ನೋಡಲಾಗುತ್ತಿಲ್ಲ.
ನನ್ನನ್ನು ನೋಡಲು ಬಂದಾಗ ನನಗೆ ಹದಿನೇಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮುಂದೆ ಓದುವೆನೆಂದು ಹೇಳಬೇಕಿತ್ತು. ಹಾಡು ಹೇಳು ಎಂದರು. ದೇವರ ಹಾಡು ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ... ಅಲ್ಲೇ ಒಪ್ಪಿಗೆಯಾಯಿತು.

೧೩ ಫೆಬ್ರುವರಿ
ನಾಜಿಮಾಳಿಂದ ಸ್ಪರ್ಧೆಯ ಫಾರ್ಮು ತರಿಸಿದೆ. ಪಾಲಕರ ಸಹಿ ಬೇಕು.
ಮಗ ಅಡ್ಡ ಬಂದ. "ಅವ್ವಾ, ಜನ ಏನಂದಾರು?"
"ಎಲ್ಲಾ ಅಂದ ಮುಗಿಸ್ಯಾರ. ಹೊಸಾದ ಏನ ಅಂತಾರ? ಸೋಮವಾರದಿಂದ ಕಾಲೇಜಿಗೂ ಹೋಗತಾಳ."
ಸಹಿ ನಾನೇ ಮಾಡಿದೆ. ಅರುಣಾ ಹತ್ತಿರ ಬಂದು ಕುಳಿತಳು.
"ಆಯಿ, ಹಾಡಿನಾಗಿಂದ ನಿನ್ನ ತಗದ ಬಿಡ್ಲೇನು?"
"ಯಾಕ? ಕೀಲಿ ಹಾಕಿದ್ದ ಖರೇ ಐತಿ. ಹಾಡ."

೧೬ ಫೆಬ್ರುವರಿ, ರವಿವಾರ, ಹುಬ್ಬಳ್ಳಿ, ಬೆಳಿಗ್ಗೆ ೧೧
ಮೊದಲ ಬಸ್ಸಿಗೆ ಬಂದೆವು. ಮಗ ಬರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಸುತ್ತ ಹರಕು ಪ್ಯಾಂಟಿನ ಹುಡುಗ ಹುಡುಗಿಯರು. ಇಳಕಲ್ ಸೀರೆ ನನ್ನದೊಂದೇ. ಹಾಡುವವಳು ಅವಳು, ಮತ್ತೆ ಮತ್ತೆ ಸೆರಗು ಸರಿಪಡಿಸಿಕೊಳ್ಳುತ್ತಿರುವವಳು ನಾನು.
ಪಕ್ಕದ ಹುಡುಗಿ ಕೇಳಿದಳು — "ಅಜ್ಜಿ, ನೀವು ಯಾರ ಕಡೆಯವರ್ರಿ?"
"ಕನ್ಯಾದ ಕಡಿಯಾಕಿ," ಎಂದೆ.
ಹೆಸರು ಕರೆದರು. ನಾಜಿಮಾ ಬಾರಿಸುವ ಕೋಲು ಎತ್ತಿದಳು. ಅರುಣಾ ಮೈಕಿನ ಮುಂದೆ ಬಂದು ನಿಂತು, ನನ್ನನ್ನೇ ನೋಡುತ್ತ ಕಿರುಚಿದಳು — "ಆಯಿ ಕೀಲಿ ಹಾಕ್ಯಾಳ..."